ಬೀದಿಗೆಲ್ಲ ಒಂದೇ ಹುಳಿಹಿಟ್ಟು

ಮೊದಲು ಕಾಲು ಹೊದಿಕೆ ಒಳಗೆ ಹಾಕ್ಕೋ, ಆಮೇಲೆ ಕತೆ. ಹ್ಞಾ, ಹಾಗೆ. ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಮಧ್ಯೆ ಬಾಯಿ ಹಾಕ್ಬೇಡ, ನಂಗೂ ಗೊತ್ತಿಲ್ಲ, ಇಟಲಿ ಅನ್ನೋ ದೇಶದ ತೀರಾ ದಕ್ಷಿಣದ ತುದೀಲಿ ಒಂದು ಬಿಳೀ ಊರಿತ್ತಂತೆ. ಆ ದೇಶ ನಕ್ಷೇಲಿ ನೋಡಿದ್ರೆ ಬೂಟಿನ ಥರ ಕಾಣುತ್ತಂತೆ, ಅದರ ಹಿಮ್ಮಡಿ ಇದೆಯಲ್ಲ, ಅಲ್ಲಿ. ನಂಗೆ ಇದನ್ನ ಹೇಳಿದ್ದು ಮಿಷನ್ ಆಸ್ಪತ್ರೆ ಅಸುಂತ ಸಿಸ್ಟರು. ಅವರು ಆ ಕಡೆಯೋರೇ. ನಿಮ್ಮಪ್ಪ ಹುಟ್ಟಿದಾಗ ಮೊದಲು ಎತ್ಕೊಂಡೋರು ಅವರು. ನಂಗೆ ನಿದ್ದೆ ಬರ್ತಿರಲಿಲ್ಲ, ಪಕ್ಕದಲ್ಲಿ ಕೂತು ಹರಕು ಮುರುಕು ಕನ್ನಡದಲ್ಲಿ ಹೇಳ್ತಿದ್ರು. ಇದರಲ್ಲಿ ಸುಳ್ಳೇನಾದ್ರೂ ಇದ್ರೆ ಅವರನ್ನ ಕೇಳ್ಕೋ, ನನ್ನನ್ನಲ್ಲ.

ಆ ಊರಲ್ಲಿ ದೊನಾತ ಅಂತ ಒಬ್ಬ ಹೆಂಗಸು ಇದ್ಳಂತೆ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಹೋಗಿಬಿಟ್ಟಿದ್ರು, ಕೋಸಿಮ ಅಂತ ಅವಳ ಸೋದರತ್ತೆ ಸಾಕಿ, ದೊಡ್ಡವಳನ್ನ ಮಾಡಿ, ಅದೇ ಬೀದೀಲಿದ್ದ ಮಿಕೇಲೆ ಅನ್ನೋ ಕಲ್ಲು ಕೆಲಸದವನಿಗೆ ಕೊಟ್ಟು ಮದುವೆ ಮಾಡಿದ್ಳಂತೆ. ಕೋಸಿಮತ್ತೆ ಅಂದ್ರೆ ಬೀದಿಗೆಲ್ಲ ಹಿರಿಯಳು. ಬಾಯಿ ಜೋರು, ಮಂಡಿ ನೋವು ಬೇರೆ. ಯಾರ ಹಾಗೆ ಅಂತೀಯಾ? ಸುಮ್ನೆ ಕೇಳು.

ದೊನಾತಳಿಗೆ ತನ್ನೂರು ಅಂದ್ರೆ ಪ್ರಾಣ. ಬೆಳಗ್ಗೆ ಎದ್ದು, ತಲೆಗೆ ಬಟ್ಟೆ ಕಟ್ಕೊಂಡು, ಊರಾಚೆ ಗುಡ್ಡಕ್ಕೆ ಹೋಗಿ, ನಾವು ಹೊಲದಲ್ಲಿ ಬೆರಕೆ ಸೊಪ್ಪು ಕೀಳ್ತೀವಲ್ಲ ಹಾಗೆ, ಕಲ್ಲುಸಂದೀಲಿ ಬೆಳೆದಿರೋ ಕಹಿ ಸೊಪ್ಪೆಲ್ಲ ಕಿತ್ತು ಮಡಿಲು ತುಂಬ್ಕೊಂಡು ಬರ್ತಿದ್ಳಂತೆ. ಆಮೇಲೆ ಬಾಗಿಲ ಮುಂದೆ ಕುರ್ಚಿ ಹಾಕ್ಕೊಂಡು, ತೊಡೆ ಮೇಲೆ ಹಲಗೆ ಇಟ್ಕೊಂಡು, ರವೆ ಕಲಸಿ, ಹುರಿ ಥರ ಹೊಸೆದು, ಚೂರು ಚೂರು ಕತ್ತರಿಸಿ, ಒಂದೊಂದು ಚೂರನ್ನೂ ಹೆಬ್ಬೆರಳಲ್ಲಿ ಒತ್ತಿ ಮಗುಚೋದು. ಮಗುಚಿದ್ರೆ ಥೇಟ್ ಪುಟ್ಟ ಮಕ್ಕಳ ಕಿವಿ. ಅದನ್ನ ಸೊಪ್ಪಿನ ಜೊತೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಆಲಿವ್ ಅನ್ನೋ ಕಾಯಿಯ ಎಣ್ಣೆ ಸುರಿದು ಊಟ. ನೀನಾಗಿದ್ರೆ ಸೊಪ್ಪನ್ನೆಲ್ಲ ತಟ್ಟೆ ಪಕ್ಕಕ್ಕೆ ತಳ್ಳಿರ್ತಿದ್ದೆ, ಗೊತ್ತು ನಂಗೆ.

ಮಧ್ಯಾಹ್ನ ಬಿಸಿಲಿಗೆ ಬೀದಿಗೆ ಬೀದಿಯೇ ಮಲಗಿಬಿಡ್ತಿತ್ತಂತೆ. ದೊನಾತ ಮಾತ್ರ ಮಾಳಿಗೆ ಹತ್ತಿ, ನಾವು ಸಂಡಿಗೆ ಇಡ್ತೀವಲ್ಲ ಹಾಗೆ, ಟೊಮೇಟೊ ಹಣ್ಣು ಸೀಳಿ ಉಪ್ಪು ಸವರಿ ಸಾಲಾಗಿ ಒಣಗೋಕೆ ಇಡ್ತಿದ್ಳಂತೆ. ಅಲ್ಲಿಂದ ನೋಡಿದ್ರೆ ಕೆಂಪು ಮಣ್ಣು, ಸೊಟ್ಟ ಸೊಟ್ಟ ಹಳೇ ಆಲಿವ್ ಮರ, ಅದರಾಚೆ ನೀಲಿ ಸಮುದ್ರ. ಸಮುದ್ರದ ಕಡೆಯಿಂದ ಬಿಸಿಗಾಳಿ ಬೀಸಿ ಧೂಳು ತಂದು ಮನೆಯೆಲ್ಲ ತುಂಬಿಸ್ತಿತ್ತು. ಬೇರೆ ಹೆಂಗಸರು ಗಾಳಿಗೆ ಶಾಪ ಹಾಕಿದ್ರೆ ಇವಳು, ಬೀಸ್ಕೊಳ್ಳಲಿ ಬಿಡಿ, ನಮ್ಮ ಗಾಳಿ ತಾನೇ, ಅಂತಿದ್ಳಂತೆ. ಹುಚ್ಚಿ.

ಈಗ ಮುಖ್ಯವಾದದ್ದು ಹೇಳ್ತೀನಿ, ಕಣ್ಣು ಬಿಡು. ಆ ಕಡೆ ನಮ್ಮ ಹಾಗೆ ಅನ್ನ ಮುದ್ದೆ ಇಲ್ಲ, ಬ್ರೆಡ್ಡೇ ಊಟ. ಬೇಕರಿ ಬ್ರೆಡ್ಡಲ್ಲ, ಮನೇಲಿ ಮಾಡೋದು, ಕಲ್ಲುಗುಂಡಿನಷ್ಟು ದಪ್ಪ. ಬೀದಿಗೆಲ್ಲ ಒಂದೇ ಒಲೆ. ನಾವು ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಹಾಗೆ ಬ್ರೆಡ್ಡಿನ ಹಿಟ್ಟು ಉಬ್ಬೋದಕ್ಕೂ ಹಿಂದಿನ ಸಲದ ಹುಳಿಹಿಟ್ಟು ಬೇಕು. ಆ ಬೀದೀಲಿ ಒಲೆ ಒಂದೇ ಇದ್ದ ಹಾಗೆ ಹುಳಿಹಿಟ್ಟೂ ಒಂದೇ, ಒಂದು ಮಣ್ಣಿನ ಬಟ್ಟಲಲ್ಲಿ ಇರೋದು. ಯಾರ ಸರದಿಯೋ ಅವರು ಬ್ರೆಡ್ಡು ಮಾಡಿ, ಒಂದು ಹಿಡಿ ಹಿಟ್ಟು ಎತ್ತಿಟ್ಟು, ಬಟ್ಟಲಿಗೆ ಒದ್ದೆ ಬಟ್ಟೆ ಮುಚ್ಚಿ ಮುಂದಿನ ಮನೆಗೆ ಕೊಡೋದು. ಅದನ್ನ ಅವರು ತಾಯಿ ಅಂತಲೇ ಕರೀತಿದ್ರಂತೆ. ಅಜ್ಜಿಯ ಅಜ್ಜಿಯ ಕಾಲದಿಂದ ಹಾಗೇ ಬಂದಿದ್ದು. ಅದಕ್ಕೆ ಎರಡು ಕಟ್ಟಳೆ. ಬಂದು ಕೇಳಿದೋರಿಗೆ ಇಲ್ಲ ಅನ್ನಬಾರದು. ಬೀದಿಯೋಳು ಯಾರಾದ್ರೂ ಊರು ಬಿಟ್ಟು ಹೋಗೋದಾದ್ರೆ ಬೀದಿಯ ಹಿರಿಯಳೇ ಕೈಯಾರೆ ಅದನ್ನ ಎರಡು ಪಾಲು ಮಾಡಿ, ಹೋಗೋಳಿಗೆ ಅರ್ಧ ಕೊಟ್ಟು, ಬೀದಿಗೆ ಅರ್ಧ ಉಳಿಸ್ಕೋಬೇಕು. ಬೇರೆ ಯಾರೂ ಪಾಲು ಮಾಡೋ ಹಾಗಿಲ್ಲ.

ಹೀಗಿರೋವಾಗ ಉತ್ತರದ ಕಡೆಯ ಒಬ್ಬ ದೊರೆ, ದೊಡ್ಡದೊಂದು ಗೋಪುರ ಕಟ್ಟಿಸ್ಬೇಕು ಅಂತ ಒಳ್ಳೇ ಕಲ್ಲು ಕೆಲಸದವರನ್ನ ಹುಡುಕ್ತಾ ಮಿಕೇಲೆಗೆ ಹೇಳಿ ಕಳಿಸಿದನಂತೆ. ಮಿಕೇಲೆ ಬರ್ತೀನಿ ಅಂತ ಮಾತು ಕೊಟ್ಟುಬಿಟ್ಟ. ಗಂಡ ಹೊರಟ ಮೇಲೆ ದೊನಾತ ಹೊರಡದೆ ಇರೋಕಾಗುತ್ತಾ? ಹೊರಟ್ಳು. ಕೋಸಿಮತ್ತೆಗೆ ಕೋಪ ಬಂದು ಮಾತು ಬಿಟ್ಟುಬಿಟ್ಳಂತೆ.

ಹೊರಡೋ ದಿನ ಹುಳಿಹಿಟ್ಟಿನ ಬಟ್ಟಲು ದೊನಾತಳ ಮನೇಲೇ ಇತ್ತು, ಅವಳದೇ ಸರದಿ. ಬಟ್ಟಲು ತಗೊಂಡು ಕೋಸಿಮತ್ತೆ ಮನೆಗೆ ಹೋದ್ಳು, ಬಾಗಿಲು ಹಾಕಿದೆ. ಅತ್ತೆ, ಪಾಲು ಮಾಡಿಕೊಡು ಬಾ, ಅಂತ ಕರೆದ್ಳು. ಮಾತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದ್ಳು. ಒಳಗೆ ಕುರ್ಚಿ ಎಳೆದ ಸದ್ದು ಕೇಳುತ್ತೆ, ಬಾಗಿಲು ಮಾತ್ರ ತೆಗೀಲಿಲ್ಲ. ಆಮೇಲೆ ಗಾಡಿಯೋನು ಕೂಗೋಕೆ ಶುರು ಮಾಡಿದ, ಮಿಕೇಲೆ ಬಂದು ಕೈ ಹಿಡ್ಕೊಂಡ, ಇವಳು ಅಳ್ತಾ ಮೂರನೇ ಸಲ ಕರೆದ್ಳು. ಆಗಲೂ ತೆಗೀಲಿಲ್ಲ. ತಾನೇ ಪಾಲು ಮಾಡೋ ಹಾಗಿಲ್ಲ, ಕಟ್ಟಳೆ. ಬಟ್ಟಲನ್ನ ಬಾಗಿಲಲ್ಲೇ ಬಿಟ್ಟು ಹೋಗೋಣ ಅಂದ್ರೆ ಎದೆ ಒಪ್ಪಲಿಲ್ಲ. ಊರಿಂದ ತಗೊಂಡು ಹೋಗೋದು ಅಂತ ಇದ್ದದ್ದೇ ಅದೊಂದು. ಹಿಂದಿನ ಸರದಿಯೋರ ಮನೇಲಿ ಚೂರಾದ್ರೂ ಉಳಿದಿರುತ್ತೆ ಅಂದ್ಕೊಂಡು ಬಟ್ಟಲನ್ನ ಹಾಗೇ ಮಡಿಲಲ್ಲಿ ಇಟ್ಕೊಂಡು ಗಾಡಿ ಹತ್ತಿಬಿಟ್ಳಂತೆ. ಇತ್ಲಾಗೆ ಬೀದಿ ಹೆಂಗಸರು, ದೊನಾತ ಅದನ್ನ ಕೋಸಿಮತ್ತೆಗೆ ಕೊಟ್ಟಿರ್ತಾಳೆ ಅಂದ್ಕೊಂಡ್ರು. ಹೀಗೆ ಎಲ್ಲರೂ ಅಂದ್ಕೊಂಡು ಅಂದ್ಕೊಂಡೇ ಕೆಲಸ ಕೆಟ್ಟಿತು.

ಉತ್ತರದಲ್ಲಿ ಹೇಗಿತ್ತು ಅಂದ್ರೆ, ದೊರೆ ಕೊಟ್ಟ ಮನೆ ಚೆನ್ನಾಗೇ ಇತ್ತಂತೆ, ನೀರು ಬಾಗಿಲಲ್ಲೇ, ಸೌದೆ ರಾಶಿ ರಾಶಿ. ಆದ್ರೆ ಸೂರ್ಯ ಮಾತ್ರ ಮುಖ ತೋರಿಸ್ತಿರಲಿಲ್ಲ. ದೊನಾತ ಬಾಗಿಲಲ್ಲಿ ಕೂತು ರವೆ ಕಿವಿ ಒತ್ತಿ ಒಣಗೋಕೆ ಇಟ್ಳು, ಮಂಜಿಗೆ ಎಲ್ಲ ಒಂದಕ್ಕೊಂದು ಅಂಟಿ ಮುದ್ದೆ ಆಯ್ತು. ಆಮೇಲೆ ಟೊಮೇಟೊ ಸೀಳಿ ಇಟ್ಳು, ಬೂಸಲು ಹಿಡೀತು. ಮೂರನೇದು ಬ್ರೆಡ್ಡು. ಆ ಚಳಿಗೆ ಹುಳಿಹಿಟ್ಟು ಸುಮ್ಮನೆ ಸತ್ತ ಹಾಗೆ ಬಿದ್ದಿರ್ತಿತ್ತು. ಇವಳು ಬಟ್ಟಲನ್ನ ಶಾಲಿನೊಳಗೆ ಹೊಟ್ಟೆಗೆ ಒತ್ತಿ ಕಟ್ಕೊಂಡು, ಅದನ್ನ ಬೆಚ್ಚಗೆ ಮಾಡ್ತಾ, ಊರಿನ ಮಾತೆಲ್ಲ ಅದರ ಹತ್ರ ಆಡ್ತಾ ಓಡಾಡ್ತಿದ್ಳಂತೆ. ಬೆಳಗಾದ್ರೆ ಒದ್ದೆ ಬಟ್ಟೆ ಎತ್ತಿ ನೋಡೋದು, ಉಬ್ಬಿದೆ. ಅದೊಂದೇ ಅವಳಿಗೆ ಕೈಗೂಡಿದ್ದು. ಮಿಕೇಲೆ ಆ ಬ್ರೆಡ್ಡು ಮುರಿದು ಬಾಯಿಗೆ ಹಾಕ್ಕೊಂಡು ದಕ್ಷಿಣದ ಕಡೆ ಮುಖ ಮಾಡಿ ಕೂತುಬಿಟ್ಟನಂತೆ. ಅವನಿಗೂ ಊರು ನೆನಪಾಗದೆ ಇರುತ್ತಾ?

ದೊರೆಯ ಹೆಂಡತಿ ಅದನ್ನ ತಿಂದು ನೋಡಿ, ನೀನು ಎಲ್ಲೂ ಹೋಗೋದು ಬೇಡ ಕಣಮ್ಮ, ಇಲ್ಲೇ ಇದ್ದುಬಿಡು, ಮನೆ ನಿನ್ನ ಹೆಸರಿಗೇ ಬರೆಸಿಕೊಡ್ತೀನಿ, ತೋಟ ಕೊಡ್ತೀನಿ ಅಂದ್ಳಂತೆ. ಒಳ್ಳೇ ಹೆಂಗಸು, ಕೆಟ್ಟವಳಲ್ಲ. ದೊನಾತ ತಲೆ ಬಗ್ಗಿಸಿ, ಶಾಲಿನೊಳಗಿನ ಬಟ್ಟಲನ್ನ ಇನ್ನಷ್ಟು ಬಿಗಿಯಾಗಿ ಕಟ್ಕೊಂಡ್ಳು.

ಹೀಗಿರೋವಾಗ ಒಂದಿನ ದಕ್ಷಿಣದಿಂದ ಉಪ್ಪು ಮಾರೋನು ಬಂದನಂತೆ. ದೊನಾತ ಓಡಿಹೋಗಿ, ನಮ್ಮೂರ ಕಡೆ ಹೋಗಿದ್ಯಾ ಅಣ್ಣ, ನಮ್ಮ ಬೀದಿ ಹೇಗಿದೆ ಅಂತ ಕೇಳಿದ್ಳು. ಅವನು, ಏನು ಹೇಳ್ಲಿ ತಾಯಿ, ನಿಮ್ಮ ಬೀದಿ ಒಲೆ ಹಚ್ಚೋರೇ ಇಲ್ಲ, ಹುಳಿಹಿಟ್ಟು ಇಲ್ವಂತೆ, ಹೆಂಗಸರು ಉಬ್ಬದೇ ಇರೋ ಹಿಟ್ಟನ್ನ ಹಂಚಿನ ಮೇಲೆ ಸುಟ್ಕೊಂಡು ತಿಂತಾರೆ, ಮುದುಕಿ ಕೋಸಿಮ ಹಲ್ಲಿಲ್ಲದೆ ಅದನ್ನ ನೀರಲ್ಲಿ ನೆನೆಸ್ಕೊಂಡು ಚಪ್ಪರಿಸ್ತಾಳೆ, ಅಂದನಂತೆ. ಹೊಸದಾಗಿ ಹುಳಿ ಬರಿಸ್ಕೋಬಹುದಿತ್ತಲ್ಲ ಅಂತೀಯಾ? ಮಾಡಿ ನೋಡಿದ್ರಂತೆ, ಕಹಿಯಾಯ್ತಂತೆ. ಬೇರೆಯೋರ ಹತ್ರ ಕೇಳಬಹುದಿತ್ತು ಅಂದ್ರೆ, ನಮ್ಮ ಬೀದಿಯೋರು ಕಂಡೋರ ಮನೆ ಮುಂದೆ ಬಟ್ಟಲು ಹಿಡಿಯೋದಾ ಅಂತ ಕೋಸಿಮತ್ತೆ ಯಾರನ್ನೂ ಕಳಿಸಲಿಲ್ಲ. ಅಷ್ಟು ಜಂಬ.

ಅದನ್ನ ಕೇಳಿ ದೊನಾತ ಬಟ್ಟಲಿನ ಬಟ್ಟೆ ಎತ್ತಿ ನೋಡಿದ್ಳಂತೆ. ತನ್ನ ಮಡಿಲಲ್ಲಿರೋದು ಬೀದಿಗೆಲ್ಲ ಸೇರಿದ ಹಿಟ್ಟು, ಇಡೀ ಬೀದಿಯ ಊಟ ಕಟ್ಕೊಂಡು ಬಂದುಬಿಟ್ಟಿದೀನಲ್ಲಪ್ಪಾ ಅಂತ. ಆಮೇಲೆ ಮಿಕೇಲೆ ಹತ್ರ ಹೋಗಿ, ನಾನು ಊರಿಗೆ ಹೋಗ್ತೀನಿ, ನನ್ನ ತಡೀಬೇಡ ಅಂದ್ಳು. ಅವನು, ತಡೆಯೋಲ್ಲ, ನಾನು ಕೊಟ್ಟ ಮಾತು ಮುಗಿಸಿ ಬರ್ತೀನಿ, ನೀನು ಬಟ್ಟಲು ಜೋಪಾನ, ಅಂದನಂತೆ. ಚಿನ್ನದಂಥ ಗಂಡ.

ಹೊರಟ್ಳು, ನಡ್ಕೊಂಡು. ಮೊದಲು ಬೆಟ್ಟ ಬಂತು. ಅಲ್ಲಿ ಮೇಕೆ ಕಾಯೋನ ಹೆಂಡತಿ, ಎಳೇ ಮಗು ಕಂಕುಳಲ್ಲಿ ಎತ್ಕೊಂಡು, ಅಕ್ಕಾ ಹುಳಿಹಿಟ್ಟು ಇದ್ರೆ ಚೂರು ಕೊಡ್ತೀಯಾ ಅಂದ್ಳು. ದೊನಾತಳಿಗೆ ಕೊಡೋಕೆ ಭಯ. ಪಾಲು ಮಾಡೋಕೆ ತಾನು ಯಾರು? ಆದ್ರೆ ಕೇಳಿದೋರಿಗೆ ಇಲ್ಲ ಅನ್ನೋ ಹಾಗೂ ಇಲ್ವಲ್ಲ. ಒಂದು ಕಟ್ಟಳೆ ಉಳಿಸ್ಕೊಂಡ್ರೆ ಇನ್ನೊಂದು ಮುರಿಯುತ್ತೆ. ಕೊನೆಗೆ, ಕೋಸಿಮತ್ತೆ ಬೈದ್ರೆ ಬೈಸ್ಕೋತೀನಿ ಅಂತ ಅರ್ಧ ಕೊಟ್ಟು, ಉಳಿದದ್ದಕ್ಕೆ ಹಿಟ್ಟು ನೀರು ಹಾಕಿ ಕಲಸ್ಕೊಂಡು ಮುಂದೆ ನಡೆದ್ಳು. ಆಮೇಲೆ ಹೊಳೆ ಬಂತು. ದೋಣಿಯೋನ ತಾಯಿ ಕೇಳಿದ್ಳು, ಅವಳಿಗೂ ಅರ್ಧ ಕೊಟ್ಳು. ಆಮೇಲೆ ಬಯಲು ಬಂತು, ಊರಿಗೆ ಇನ್ನೊಂದೇ ಗುಡ್ಡ ಬಾಕಿ. ಅಲ್ಲಿ ಒಂದು ಒಂಟಿ ಮನೇಲಿ ಲುಚೀಯ ಅಂತ ಬಾಣಂತಿ. ಹೆರಿಗೆ ಗಲಾಟೇಲಿ ತನ್ನ ಹುಳಿಹಿಟ್ಟು ನೋಡೋರಿಲ್ಲದೆ ಹಾಳಾಯ್ತು ಅಂತ ಅಳ್ತಿದ್ಳಂತೆ. ಕಲಸೋಕೆ ತಂದಿದ್ದ ಹಿಟ್ಟೂ ಮುಗಿದು, ಇವಳ ಬಟ್ಟಲಲ್ಲಿ ಇದ್ದಿದ್ದೇ ಒಂದು ನಿಂಬೆಹಣ್ಣಿನಷ್ಟು. ಅದರಲ್ಲೂ ಅರ್ಧ ಕೊಟ್ಟು, ಅಳಬೇಡ ತಾಯಿ, ಮೊಲೆಹಾಲು ಕಮ್ಮಿಯಾಗುತ್ತೆ ಅಂತ ಸಮಾಧಾನ ಹೇಳಿ ಎದ್ದಳಂತೆ.

ಗುಡ್ಡ ಹತ್ತಿದ್ಳು. ಹತ್ತಿ ಮುಂದೆ ನೋಡ್ತಾಳೆ, ಕೆಂಪು ಮಣ್ಣು, ಸೊಟ್ಟ ಮರ, ಆಚೆ ಸಮುದ್ರ. ಬಿಸಿಗಾಳಿ ಧೂಳು ಹೊತ್ಕೊಂಡು ಬಂದು ರಪ್ಪಂತ ಮುಖಕ್ಕೆ ಬಡೀತು. ಅವಳಿಗೆ ಏನಾಯ್ತೋ ಏನೋ, ಬಟ್ಟಲನ್ನ ಅಲ್ಲೇ ಕಲ್ಲಿನ ಗೋಡೆ ಮೇಲೆ ಇಟ್ಟು, ಅದರ ಮೇಲಿದ್ದ ಒದ್ದೆ ಬಟ್ಟೇನೇ ತೆಗೆದು ಮುಖ ಒರೆಸ್ಕೊಂಡು, ಓಡಿಹೋಗಿ ಒಂದು ಹಳೇ ಮರ ತಬ್ಕೊಂಡು ಗೊಳೋ ಅಂತ ಅತ್ಳಂತೆ. ಅತ್ತು ಅತ್ತು, ನಡೆದ ಸುಸ್ತಿಗೆ ಅಲ್ಲೇ ಬುಡದಲ್ಲಿ ನಿದ್ದೆ ಹೋದ್ಳು. ಅಷ್ಟು ದೂರದ ಚಳಿ, ಬೆಟ್ಟ, ಹೊಳೆ ಎಲ್ಲದರಿಂದ ಕಾಪಾಡ್ಕೊಂಡು ಬಂದೋಳು ತನ್ನೂರ ಬಿಸಿಲಲ್ಲೇ ಮೈಮರೆತ್ಳು ನೋಡು. ಎದ್ದು ನೋಡ್ತಾಳೆ, ಕಲ್ಲು ಕಾದು ಕೆಂಡವಾಗಿದೆ, ಬಟ್ಟಲಲ್ಲಿ ಹುಳಿಹಿಟ್ಟು ಬೆಂದು ಗಟ್ಟಿಯಾಗಿ ಹೋಗಿದೆ.

ಆ ಬಟ್ಟಲು ಹಿಡ್ಕೊಂಡೇ ಬೀದಿಗೆ ಬಂದ್ಳು, ಇನ್ನೆಲ್ಲಿಗೆ ಹೋಗ್ತಾಳೆ? ಹೆಂಗಸರೆಲ್ಲ ಸುತ್ತಿಕೊಂಡ್ರು, ಇವಳು ದಾರೀಲಿ ನಡೆದದ್ದನ್ನೆಲ್ಲ ಬಿಡದೆ ಹೇಳಿದ್ಳು. ಒಬ್ಬಳು, ಹೋಗೋವಾಗ ಕದ್ಕೊಂಡು ಹೋದೆ ಅಂದ್ಳು. ಇನ್ನೊಬ್ಬಳು, ಬರೋವಾಗ ಕೊಂದು ತಂದೆ ಅಂದ್ಳು. ಮತ್ತೊಬ್ಬಳು, ದಾರೀಲಿ ಕಂಡೋರಿಗೆಲ್ಲ ಹಂಚಿದ್ಯಂತೆ, ನಮಗೇನು ಈ ಕಲ್ಲು ಕಡಿಯೋಕಾ ಅಂದ್ಳು. ಕೋಸಿಮತ್ತೆ ಮಂಡಿ ಹಿಡ್ಕೊಂಡು ಹೊರಗೆ ಬಂದು, ಬಟ್ಟಲು ಇಸ್ಕೊಂಡು, ಬೆಚ್ಚಗಿನ ನೀರು ಹಾಕಿ, ಹಿಟ್ಟು ಹಾಕಿ ಕಲಸಿ ಇಟ್ಟು ಕಾದ್ಳು. ಬೀದಿಗೆ ಬೀದಿಯೇ ಸುತ್ತ ಕೂತು ಕಾಯ್ತಂತೆ. ಉಬ್ಬಲಿಲ್ಲ.

ಇನ್ನು ಈ ಬೀದೀಲಿ ಇವಳಿಗೆ ಜಾಗ ಇಲ್ಲ ಅಂತ ಯಾರೋ ಗೊಣಗಿದ್ರು. ದೊನಾತ ಎದ್ದು ನಿಂತ್ಳು. ಊರಿಗೋಸ್ಕರ ಅಷ್ಟೆಲ್ಲ ನಡೆದು ಬಂದೋಳಿಗೆ ಊರೇ ಇಲ್ಲ ಅನ್ನೋ ಹಾಗಾಯ್ತಲ್ಲ. ಆಗ ಕೋಸಿಮತ್ತೆ, ಅವಳನ್ನ ಯಾಕೆ ಬೈತೀರಿ, ಅವಳು ಮೂರು ಸಲ ಕರೆದ್ಳು, ಬಾಗಿಲು ಹಾಕ್ಕೊಂಡು ಕೂತಿದ್ದು ನಾನು, ಪಾಲು ಮಾಡ್ಬೇಕಾಗಿದ್ದ ಕೈ ನಂದು, ಬೈಯೋದಿದ್ರೆ ನನ್ನ ಬೈರಿ, ಅಂದ್ಳಂತೆ. ಆಮೇಲೆ ದೊನಾತಳ ಕಡೆ ತಿರುಗಿ, ಕೊನೆಗೆ ಯಾರಿಗೆ ಕೊಟ್ಟೆ ಅಂತ ಕೇಳಿದ್ಳು. ಗುಡ್ಡದಾಚೆ ಲುಚೀಯಳಿಗೆ ಅಂದ್ಳು ಇವಳು. ಸರಿ ನಡಿ, ಹೋಗಿ ಕೇಳೋಣ ಅಂದ್ಳು ಅತ್ತೆ. ಯಾವ ಹೆಂಗಸು ಕಂಡೋರ ಮುಂದೆ ಬಟ್ಟಲು ಹಿಡಿಯೋಲ್ಲ ಅಂತಿದ್ಳೋ ಆಕೆ. ಬಟ್ಟಲು ಕಂಕುಳಲ್ಲಿ ಇಟ್ಕೊಂಡು ತಾನೇ ಮುಂದೆ ಹೊರಟ್ಳಂತೆ.

ಮಂಡಿ ನೋವಿನ ಮುದುಕಿ, ಗುಡ್ಡದ ದಾರಿ. ಎರಡು ಹೆಜ್ಜೆ ಇಟ್ರೆ ನಿಲ್ಲೋದು. ದೊನಾತ ತೋಳು ಹಿಡ್ಕೊಂಡು ಹತ್ತಿಸ್ತಾ, ಅಷ್ಟು ದಿನದಿಂದ ಎದೇಲಿದ್ದ ಮಾತನ್ನ ಕೇಳೇಬಿಟ್ಳು. ಅತ್ತೆ, ಅವತ್ತು ಅಷ್ಟು ಕರೆದೆ, ನೀನು ಒಳಗೇ ಇದ್ದೆ, ಯಾಕೆ ಬಾಗಿಲು ತೆಗೀಲಿಲ್ಲ, ನನ್ನ ಮೇಲೆ ಅಷ್ಟು ಕೋಪ ಇತ್ತಾ? ಕೋಸಿಮತ್ತೆ ಒಂದು ಕಲ್ಲಿನ ಮೇಲೆ ಕೂತ್ಕೊಂಡು ಸುಧಾರಿಸ್ಕೊಂಡ್ಳು. ಆಮೇಲೆ ಹೇಳಿದ್ಳಂತೆ, ಕೋಪ ಏನು ಬಂತು ಮಗಳೇ, ಬಾಗಿಲು ತೆಗೆದ್ರೆ ಪಾಲು ಮಾಡಿ ಕೊಡಬೇಕಾಗ್ತಿತ್ತು, ಕೊಟ್ರೆ ನೀನು ಹೋಗ್ತಿದ್ದೆ, ತಾಯಿಹಿಟ್ಟಿನ ಪಾಲು ಸಿಗದೆ ನನ್ನ ಮಗು ಊರು ಬಿಡೋಲ್ಲ ಅಂದ್ಕೊಂಡೆ.

ದೊನಾತ ಆ ಮುದುಕಿ ಮಡಿಲಲ್ಲಿ ತಲೆ ಇಟ್ಟುಬಿಟ್ಳು. ಇಬ್ಬರೂ ಅತ್ರು. ಬಿಸಿಗಾಳಿ ಧೂಳೆಬ್ಬಿಸಿ ಇಬ್ಬರ ಮುಖಕ್ಕೂ ಮೆತ್ತಿತು. ಹಾಳು ಗಾಳಿ ಅಂತ ಮುದುಕಿ ಬೈದ್ಳು.

ಲುಚೀಯ ಮನೇಲಿ ಅದಾಗಲೇ ಹುಳಿಹಿಟ್ಟು ಉಬ್ಬಿ ಬಟ್ಟೆ ತಳ್ಕೊಂಡು ಮೇಲೆ ಬಂದಿತ್ತಂತೆ. ಅವಳು ಮಗು ಕೆಳಗಿಟ್ಟು, ನಿಮ್ಮದನ್ನ ನೀವು ಕೇಳೋದಕ್ಕೆ ಇಷ್ಟು ಸಂಕೋಚ ಯಾಕಮ್ಮ ಅಂತ ಬಟ್ಟಲು ಮುಂದಿಟ್ಳು. ಕೋಸಿಮತ್ತೆ ತನ್ನ ಕೈಯಾರೆ ಪಾಲು ಮಾಡಿ, ಬಾಣಂತಿಗೆ ಅರ್ಧ ಬಿಟ್ಟು, ಅರ್ಧ ತಗೊಂಡ್ಳಂತೆ. ಈ ಸಲ ಬಟ್ಟೆ ಬಿಗಿಯಾಗಿ ಕಟ್ಟಿ ಬಟ್ಟಲು ತಾನೇ ಹಿಡ್ಕೊಂಡ್ಳು, ದೊನಾತಳ ಕೈಗೆ ಕೊಡಲಿಲ್ಲ. ನಿನ್ನ ಕೈಗೆ ಕೊಟ್ರೆ ಮತ್ತೆ ಯಾವ ಮರ ತಬ್ಕೋತೀಯೋ ಅಂತ ರೇಗಿಸಿದ್ಳಂತೆ.

ಮಾರನೇ ದಿನ ಬೀದಿ ಒಲೆ ಹತ್ತಿಸಿದ್ರು. ಸೌದೆ ಕೊಟ್ಟೋರೊಬ್ಬರು, ಹಿಟ್ಟು ಕೊಟ್ಟೋರೊಬ್ಬರು, ಹಿಂದಿನ ದಿನ ಬೈದೋಳೇ ಉಪ್ಪು ತಂದ್ಳು. ಬ್ರೆಡ್ಡು ಬೇಯೋ ವಾಸನೆ ಬೀದಿಯೆಲ್ಲ ತುಂಬ್ತು. ಮಕ್ಕಳು ಒಲೆ ಮುಂದೆ ಜಮಾಯಿಸಿದ್ರು. ಮೊದಲನೇದು ಈಚೆ ತೆಗೆದ ಕೂಡಲೇ ಎಲ್ಲರೂ ಕೋಸಿಮತ್ತೆ ಕಡೆ ನೋಡಿದ್ರು, ಹಿರಿಯಳು ಮೊದಲು ಮುರಿಯೋದು ತಾನೇ. ಅವಳು ಮುರಿದು, ಮೆತ್ತನೆಯ ನಡುಭಾಗ ತೆಗೆದು, ಎಣ್ಣೇಲಿ ಅದ್ದಿ, ತನ್ನ ಬಾಯಿಗೆ ಹಾಕ್ಕೊಳ್ಳಲಿಲ್ಲ. ಎದುರಿಗೆ ನಿಂತಿದ್ದ ದೊನಾತಳ ಬಾಯಿಗೆ ತುರುಕಿ, ತಿನ್ನು, ಒಣಗಿ ಕಡ್ಡಿಯಾಗಿದೀಯ, ಆ ಕಡೆಯೋರು ನಿಂಗೆ ಊಟಾನೇ ಹಾಕಲಿಲ್ವಾ ಅಂತ ಬೈದ್ಳಂತೆ.

ಆಮೇಲೆ ಏನಾಯ್ತು? ಮಿಕೇಲೆ ಗೋಪುರ ಮುಗಿಸಿ, ದೊರೆ ಹೆಂಡತಿ ಕೊಟ್ಟ ಉಣ್ಣೆ ಕಂಬಳಿ ಹೆಗಲ ಮೇಲೆ ಹಾಕ್ಕೊಂಡು ಬಂದ. ಅದನ್ನ ಕೋಸಿಮತ್ತೆ ಕಿತ್ಕೊಂಡು ತನ್ನ ಮಂಡಿಗೆ ಸುತ್ಕೊಂಡ್ಳಂತೆ. ದೊನಾತ ದಿನಾ ಗುಡ್ಡಕ್ಕೆ ಹೋಗಿ ಸೊಪ್ಪು ಕಿತ್ಕೊಂಡು ಬರ್ತಾ, ಬಾಗಿಲಲ್ಲಿ ಕೂತು ಕಿವಿ ಒತ್ತುತಾ, ಸಂಜೆ ಅತ್ತೆಯ ಕೈಲಿ ಬೈಸ್ಕೊಳ್ತಾ ಸುಖವಾಗಿ ಇದ್ಳಂತೆ.

ಅಸುಂತ ಸಿಸ್ಟರು ಇಷ್ಟು ಹೇಳಿ ನಿಮ್ಮಪ್ಪನ್ನ ನನ್ನ ಪಕ್ಕಕ್ಕೆ ಮಲಗಿಸಿ, ಕಣ್ಣು ಒರೆಸ್ಕೊಂಡು ಹೋದ್ರು. ಅವರು ಊರು ಬಿಟ್ಟು ಬಂದು ಆಗಲೇ ಬಹಳ ವರ್ಷ ಆಗಿತ್ತು. ನಾನು ಬೆಳಗ್ಗೆ ಅವರಿಗೆ ಮನೆಯಿಂದ ಮುದ್ದೆ, ಬೆರಕೆ ಸೊಪ್ಪಿನ ಸಾರು ತರಿಸಿಕೊಟ್ಟೆ, ತಟ್ಟೆ ಬಳಿದು ತಿಂದ್ರು. ಕತೆ ಅಷ್ಟೇ ಕಣೇ, ಮುಗೀತು, ಇನ್ನು ಆ ಕಡೆ ತಿರುಗಿ ಮಲ್ಕೋ.